ಮೊಬೈಲಲ್ಲಿ ಗೇಮ್ ಆಡಿದರೆ ಪಾಠ ಬರುತ್ತಾ?

"ಮಕ್ಕಳ ಕೈಗೆ ನೀವೇ ಮೊಬೈಲ್ ಕೊಟ್ಟು ಗೇಮ್ ಆಡಿಸ್ತೀರಂತಲ್ಲ, ಅದರಿಂದ ಪಾಠ ಬರುತ್ತಾ?" ಮದುವೆಮನೆ ಊಟದ ಪಂಕ್ತಿಯಲ್ಲಿ, ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ, ಮಗಳ ಶಾಲೆಯ ಪೋಷಕರ ಸಭೆಯಲ್ಲಿ, ಎಲ್ಲಿ ಹೋದರೂ ಇದೇ ಪ್ರಶ್ನೆ.

ಬರುತ್ತೆ. ಆದರೆ ಮೊಬೈಲ್ ಕೊಟ್ಟು ನಾವು ಎದ್ದು ಹೋದರೆ ಬರಲ್ಲ. ಪಕ್ಕದಲ್ಲಿ ಕೂರಬೇಕು. ಒಂದು ತಪ್ಪು ಉತ್ತರಕ್ಕೂ ಇನ್ನೊಂದಕ್ಕೂ ನಡುವೆ ಮಾತಾಡೋಕೆ ಬಿಡುವು ಇರುವ ಆಟ ಆರಿಸಬೇಕು. ಇಷ್ಟೇ ಹೇಳಿದರೆ ಯಾರೂ ನಂಬಲ್ಲ, ಹಾಗಾಗಿ ಹೋದ ಮಳೆಗಾಲದ ಒಂದು ಸಂಜೆಯ ಕತೆ ಹೇಳ್ತೀನಿ.

ವರ್ಲ್ಡಲ್ ಅಂತ ಒಂದು ಆಟ ಇದೆ. ದಿನಕ್ಕೆ ಒಂದೇ ಒಗಟು. ಒಂದು ದೇಶದ ಆಕಾರ ಮಾತ್ರ ಕಾಣುತ್ತೆ, ಆರು ಅವಕಾಶದಲ್ಲಿ ಹೆಸರು ಹೇಳಬೇಕು. ತಪ್ಪಾದರೆ ನಾವು ಹೇಳಿದ ದೇಶದಿಂದ ಸರಿಯಾದ ದೇಶ ಎಷ್ಟು ಕಿಲೋಮೀಟರ್ ದೂರ, ಯಾವ ದಿಕ್ಕಿಗೆ, ಎಷ್ಟು ಪರ್ಸೆಂಟ್ ಹತ್ತಿರ ಬಂದಿದ್ದೇವೆ ಅಂತ ತೋರಿಸುತ್ತೆ. ಅವತ್ತು ಜಗಲಿಯಲ್ಲಿ ಮಗಳು, ಪಕ್ಕದ ಮನೆಯ ಇಬ್ಬರು ಹುಡುಗರು, ನಾನು. ನಾವು ಯಾವಾಗಲೂ ಮೊದಲು ಭಾರತವನ್ನೇ ಹಾಕುವುದು, ಅಳತೆ ನಮ್ಮ ಕಡೆಯಿಂದ ಶುರುವಾಗಲಿ ಅಂತ. ಸುಮಾರು 5,600 ಕಿ.ಮೀ. ಅಂತ ಬಂತು. ಬಾಣ ಎಡಕ್ಕೆ, ಕೆಳಗೆ. 72 ಪರ್ಸೆಂಟಿನ ಹತ್ತಿರ.

"ಇದು ಯಾವ ದಿಕ್ಕು?" ಅಂದೆ. ಯಾರಿಗೂ ಬರಲಿಲ್ಲ. ಒಳಗಿದ್ದ ನಮ್ಮ ಅತ್ತೆ, "ಅಡುಗೆಮನೆ ಆಗ್ನೇಯ, ದೇವರ ಮನೆ ಈಶಾನ್ಯ, ಉಳಿದದ್ದು ನೀವೇ ಹೇಳಿ" ಅಂದರು. ಮಕ್ಕಳು ಎದ್ದು ಮನೆಯೆಲ್ಲ ಓಡಾಡಿ ಬಂದು ನೈಋತ್ಯ ಅಂದರು. ತಕ್ಷಣ ಒಬ್ಬ, "ನೈಋತ್ಯ ಮಳೆಮಾರುತದ ನೈಋತ್ಯಾನಾ?" ಅಂತ ಕೇಳಿದ. ಹೊರಗೆ ಜಡಿಮಳೆ. ಅಟ್ಲಾಸ್ ತೆಗೆದೆವು. ಬಾಣದ ಗೆರೆಯ ಮೇಲೆ ಬೆರಳು ಎಳೆದರೆ ಸಿಕ್ಕಿದ್ದು ಮಡಗಾಸ್ಕರ್. ಸರಿ ಉತ್ತರ! ನಮ್ಮ ಮಳೆಯ ಗಾಳಿ ಹೊರಡುವುದೂ ಆ ಕಡೆಯ ಸಮುದ್ರದಿಂದಲೇ. ಮಡಗಾಸ್ಕರ್‌ನ ಉತ್ತರಕ್ಕೆ ಹಾದು, ಆಫ್ರಿಕಾದ ಪೂರ್ವ ಕರಾವಳಿಯ ಹತ್ತಿರ ಭೂಮಧ್ಯರೇಖೆ ದಾಟಿ, ಭೂಮಿ ತಿರುಗುವುದರಿಂದ ದಿಕ್ಕು ಬದಲಿಸಿಕೊಂಡು ನಮ್ಮ ಘಟ್ಟಕ್ಕೆ ಬಂದು ಬಡಿಯುತ್ತೆ. ಆಗುಂಬೆಯಲ್ಲಿ ಸುರಿಯುವುದು ಅದೇ.

ಆ 72 ಎಲ್ಲಿಂದ ಬಂತು ಅನ್ನೋದು ಮಗಳ ಪ್ರಶ್ನೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಯಾವ ಜಾಗದಿಂದ ಹೊರಟರೂ ಅರ್ಧ ಸುತ್ತಿಗಿಂತ, ಅಂದರೆ 20,000ಕ್ಕಿಂತ ದೂರದ ಜಾಗವೇ ಇಲ್ಲ. 5,600 ಅಂದರೆ ಅದರಲ್ಲಿ 28 ಪರ್ಸೆಂಟ್. ನೂರರಲ್ಲಿ 28 ಕಳೆದರೆ 72. ಪರ್ಸೆಂಟ್ ಲೆಕ್ಕ ಅಂದರೆ ಮುಖ ಸಿಂಡರಿಸುವ ಹುಡುಗಿ ಇದನ್ನು ನೋಟ್‌ಬುಕ್ಕಿನಲ್ಲಿ ತಾನೇ ಮಾಡಿದಳು.

ಅಷ್ಟರಲ್ಲಿ ಮಾವ ಬಂದರು. ಮಡಗಾಸ್ಕರ್ ಅನ್ನೋ ಹೆಸರು ಕಿವಿಗೆ ಬಿದ್ದದ್ದೇ, "ನಮ್ಮ ವೆನಿಲ್ಲಾದ ಊರು" ಅಂದರು. 2000ದಲ್ಲಿ ಅಲ್ಲಿಗೆ ಚಂಡಮಾರುತ ಹೊಡೆದು ಬೆಳೆ ಹಾಳಾಗಿ, ವೆನಿಲ್ಲಾ ರೇಟು ಏರಿತು. ಮಲೆನಾಡಿನಲ್ಲಿ ಎಷ್ಟೋ ಜನ ಅಡಿಕೆ ತೋಟದಲ್ಲಿ ಬಳ್ಳಿ ಹಬ್ಬಿಸಿದರು. ಮಾವನೂ ಹಬ್ಬಿಸಿದರು. ಕೆಲವೇ ವರ್ಷದಲ್ಲಿ ಅಲ್ಲಿ ಬೆಳೆ ಚೇತರಿಸಿಕೊಂಡಿತು, ಕೊಳ್ಳುವವರು ಕೃತಕ ವೆನಿಲ್ಲಾ ಕಡೆ ಹೋಗಿದ್ದರು, ರೇಟು ನೆಲ ಕಚ್ಚಿತು. ಮಾವ ಒಂದು ಕಡ್ಡಿ ಹಿಡಿದು, ಕಾಯಿ ಕಟ್ಟಬೇಕಾದರೆ ಬೆಳಿಗ್ಗೆ ಅರಳಿ ಮಧ್ಯಾಹ್ನ ಬಾಡುವ ಆ ಹೂವಿನ ಒಳಗಿನ ತೆಳು ಪರದೆಯನ್ನು ಹೇಗೆ ಎತ್ತಬೇಕು, ಪರಾಗವನ್ನು ಹೆಬ್ಬೆರಳಲ್ಲಿ ಹೇಗೆ ಒತ್ತಬೇಕು ಅಂತ ದಾಸವಾಳದ ಹೂ ತರಿಸಿಕೊಂಡು ತೋರಿಸಿದರು. ಈ ಕೈಚಳಕವನ್ನು 1841ರಲ್ಲಿ ಕಂಡುಹಿಡಿದವನು ಮಡಗಾಸ್ಕರ್‌ನ ಪೂರ್ವಕ್ಕಿರುವ ರೀಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್. ಗುಲಾಮನಾಗಿ ಹುಟ್ಟಿದ ಹುಡುಗ, ಆಗ ಅವನಿಗೆ 12 ವರ್ಷ. "ನನ್ನಷ್ಟೇ" ಅಂದ ಪಕ್ಕದ ಮನೆಯವನು, ಆಮೇಲೆ ಸುಮಾರು ಹೊತ್ತು ಮಾತಾಡಲಿಲ್ಲ.

ಆಟ ಆಡಿದ್ದು ಐದು ನಿಮಿಷ, ಮಾತು ಒಂದೂವರೆ ಗಂಟೆ. ದಿನಾ ಹೀಗಾಗುತ್ತೆ ಅಂತಲ್ಲ. ಎಷ್ಟೋ ದಿನ ಉತ್ತರ ಸಿಕ್ಕಿದ ಕೂಡಲೇ ಮಕ್ಕಳು ಎದ್ದು ಹೋಗುತ್ತಾರೆ. ಹೋಗಲಿ ಬಿಡಿ.

ಇಂಗ್ಲಿಷ್ ಸ್ಪೆಲ್ಲಿಂಗಿಗೆ ವರ್ಡಲ್ ಅನ್ನೋ ಪದ ಊಹಿಸುವ ಆಟ ಒಳ್ಳೆಯದು, 2021ರಲ್ಲಿ ಜೋಶ್ ವಾರ್ಡಲ್ ಎಂಬುವರು ಎಲ್ಲರಿಗೂ ಆಡಲು ಬಿಟ್ಟದ್ದು. ಐದು ಅಕ್ಷರದ ಪದ, ಆರು ಅವಕಾಶ. ಅಕ್ಷರ ಸರಿ ಜಾಗದಲ್ಲಿದ್ದರೆ ಹಸಿರು, ಪದದಲ್ಲಿ ಬೇರೆ ಕಡೆ ಇದ್ದರೆ ಹಳದಿ. ಆದರೆ ನನಗೆ ಅದಕ್ಕಿಂತ ಜಾಸ್ತಿ ಖುಷಿ ಕೊಟ್ಟದ್ದು ಅದನ್ನು ಕನ್ನಡದಲ್ಲಿ ಸ್ಲೇಟಿನ ಮೇಲೆ ಆಡಿದ್ದು. ನಾನು ಮನಸ್ಸಿನಲ್ಲಿ ಇಟ್ಟುಕೊಂಡ ಪದ ಮಳೆಗಾಲ. ಮಗಳು ಮಲೆನಾಡು ಅಂದಳು. ಮ ಸರಿ, ಹಸಿರು. ಲೆ? ಲ ಇದೆ, ಆದರೆ ಕೊನೆಯಲ್ಲಿ, ಎತ್ವ ಇಲ್ಲದೆ. ಯಾವ ಬಣ್ಣ ಹಾಕೋದು? ಕೊನೆಗೆ "ಅಕ್ಷರ ಇದೆ, ಕಾಗುಣಿತ ಬೇರೆ" ಅನ್ನೋದಕ್ಕೆ ಮಕ್ಕಳೇ ನೀಲಿ ಬಣ್ಣ ಅಂತ ನಿಯಮ ಮಾಡಿದರು. ಹಾಗಾದರೆ ಲ, ಳ ಒಂದೇ ಅಂತ ಹಿಡಿಯಬಹುದಾ ಅಂತ ಜಗಳ ಬೇರೆ. ಬೇಡ ಅಂತ ತೀರ್ಮಾನ ಆಯಿತು.

ನಾಣ್ಯ ಕೂಡಿಸುವ, ಟೈಮ್ ಓಡುವ, ನಡುನಡುವೆ ಜಾಹೀರಾತು ಬರುವ ಆಟಗಳನ್ನು ನಾನು ಇಡುವುದಿಲ್ಲ, ಎಷ್ಟೇ 'ಎಜುಕೇಷನಲ್' ಅಂತ ಬರೆದಿದ್ದರೂ. ಅವುಗಳಲ್ಲಿ ನಿಂತು ಯೋಚಿಸಲು ಜಾಗವೇ ಇರಲ್ಲ.

ಇದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ, "ನಮ್ಮಲ್ಲಿ ನೆಟ್‌ವರ್ಕೇ ಇಲ್ವಲ್ಲ?" ಜೋರು ಮಳೆ ಬಂದರೆ ನಮ್ಮಲ್ಲೂ ಇರಲ್ಲ, ಕರೆಂಟೂ ಇರಲ್ಲ. ಅದಕ್ಕೆ ಮಕ್ಕಳು ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳನ್ನು ರಟ್ಟಿನಲ್ಲಿ ಕತ್ತರಿಸಿ ಇಟ್ಟುಕೊಂಡಿದ್ದಾರೆ. ಒಬ್ಬರು ಒಂದನ್ನು ಎತ್ತಿ ತೋರಿಸಬೇಕು, ಉಳಿದವರು ಹೆಸರು ಹೇಳಬೇಕು. ಸೊರಬ ತೋರಿಸಿದಾಗ ಭದ್ರಾವತಿ ಅಂದರೆ "ವಾಯವ್ಯಕ್ಕೆ ಹೋಗು" ಅನ್ನಬೇಕು. ದೂರವನ್ನು ನಕ್ಷೆಯ ಮೇಲೆ ದಾರ ಇಟ್ಟು, ಸ್ಕೇಲಿನಲ್ಲಿ ಅಳೆದು, ಕಿಲೋಮೀಟರಿಗೆ ತಿರುಗಿಸಿ ಹೇಳಬೇಕು. ಹೊಸನಗರದ ರಟ್ಟು ಒಂದು ಮೂಲೆ ಮುರಿದಿದೆ, ಅದನ್ನು ಎಲ್ಲರೂ ಬೇಗ ಗುರುತು ಹಿಡಿಯುತ್ತಾರೆ, ಈ ಭಾನುವಾರ ಹೊಸದು ಮಾಡಬೇಕು.