ಹತ್ತು ಗುಂಡಿನ ರೈಫಲ್ಲಿಗೆ ಅಡ್ಡ ತಗಡು ಏಕೆ?

ಹಳೆಯ ರೈಫಲ್ಲುಗಳ ಬಗ್ಗೆ ನಾನು ಬರೆಯುವುದನ್ನು ಓದುವವರು, ಎನ್‌ಸಿಸಿಯಲ್ಲಿ ತ್ರೀ ನಾಟ್ ತ್ರೀ (ಬ್ರಿಟಿಷರ .303 ಲೀ-ಎನ್‌ಫೀಲ್ಡ್ ರೈಫಲ್) ಹಿಡಿದವರು, ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು, ಎಲ್ಲರೂ ತಿರುಗಿ ತಿರುಗಿ ಕೇಳುವ ಪ್ರಶ್ನೆ ಒಂದಿದೆ. ಮೊದಲ ಮಹಾಯುದ್ಧಕ್ಕೆ ಹಿಂದಿನ ಲೀ-ಎನ್‌ಫೀಲ್ಡ್ ರೈಫಲ್ಲಿನಲ್ಲಿ ಹತ್ತು ತೋಟಾ ಹಿಡಿಯುವ ಮ್ಯಾಗಜೀನ್ ಇದೆ. ಅದರ ಬಾಯಿಗೆ ಅಡ್ಡಲಾಗಿ ಬಲಬದಿಯಿಂದ ಒಳಕ್ಕೆ ಸರಿಯುವ ಉಕ್ಕಿನ ತಗಡೂ ಇದೆ. ತಗಡನ್ನು ಒಳಗೆ ತಳ್ಳಿಬಿಟ್ಟರೆ ಮ್ಯಾಗಜೀನ್ ತುಂಬಿದ್ದರೂ ಉಪಯೋಗಕ್ಕಿಲ್ಲ. ಕೈಯಿಂದ ಒಂದು ತೋಟಾ ಹಾಕಬೇಕು, ಹಾರಿಸಬೇಕು, ಮತ್ತೊಂದು ಹಾಕಬೇಕು. ಹತ್ತು ತೋಟಾ ಹಿಡಿಯುವಂತೆ ರೈಫಲ್ ಮಾಡಿ, ಮತ್ತೆ ಅದನ್ನು ಒಂದೇ ತೋಟಾದ ಬಂದೂಕನ್ನಾಗಿಸಲು ಇಷ್ಟು ಕಷ್ಟಪಟ್ಟಿದ್ದು ಏಕೆ ಎಂಬುದು ಪ್ರಶ್ನೆ.

ಕೇಳುವವರಲ್ಲಿ ಹೆಚ್ಚಿನವರ ಬಳಿ ಉತ್ತರವೂ ಸಿದ್ಧವಾಗಿರುತ್ತದೆ. ಮದ್ದುಗುಂಡು ಉಳಿಸುವ ಜಿಪುಣತನ ಎನ್ನುತ್ತಾರೆ ಕೆಲವರು. 1857ರ ನಂತರ ಭಾರತೀಯ ಸಿಪಾಯಿಯ ಮೇಲೆ ನಂಬಿಕೆಯಿರಲಿಲ್ಲ, ಅದಕ್ಕೇ ತಗಡು ಎನ್ನುತ್ತಾರೆ ಇನ್ನು ಕೆಲವರು. ಎರಡನೆಯದನ್ನು ಮೊದಲೇ ಪಕ್ಕಕ್ಕಿಡೋಣ. ಅಪನಂಬಿಕೆ ಇದ್ದದ್ದು ನಿಜ, ಆದರೆ ಅದು ಕಾಣಿಸಿಕೊಂಡದ್ದು ಬೇರೆ ರೀತಿಯಲ್ಲಿ. ಬ್ರಿಟಿಷ್ ಸೈನಿಕರ ಕೈಗೆ ಒಂದೊಂದೇ ತೋಟಾ ಹಾಕುವ ಮಾರ್ಟಿನಿ-ಹೆನ್ರಿ ರೈಫಲ್ ಬಂದಾಗ ಭಾರತೀಯ ಪಲ್ಟನ್‌ಗಳ ಕೈಯಲ್ಲಿದ್ದದ್ದು ಹಳೆಯ ಸ್ನೈಡರ್. ಅವರು ಲೀ-ಎನ್‌ಫೀಲ್ಡ್‌ನ ಹಿಂದಿನ ರೂಪವಾದ, ಮ್ಯಾಗಜೀನ್ ಇದ್ದ ಲೀ-ಮೆಟ್‌ಫರ್ಡ್‌ಗೆ ಏರಿದಾಗ ಇವರಿಗೆ ಮಾರ್ಟಿನಿ ಸಿಕ್ಕಿತು. ಒಂದು ತಲೆಮಾರು ಹಿಂದೆ ಇಡುವುದೇ ನೀತಿಯಾಗಿತ್ತು. ಮ್ಯಾಗಜೀನ್ ರೈಫಲ್ಲನ್ನೇ ವರ್ಷಗಟ್ಟಲೆ ಕೊಡದೆ ಇದ್ದವರಿಗೆ ತಗಡಿನ ಅಗತ್ಯವಿರಲಿಲ್ಲ. ಆ ತಗಡು ಇದ್ದದ್ದು ಬ್ರಿಟಿಷ್ ಸೈನಿಕನ ರೈಫಲ್ಲಿನಲ್ಲಿ. ಅಮೆರಿಕದ, ಫ್ರಾನ್ಸಿನ, ತುರ್ಕಿಯ ಸೈನಿಕರ ರೈಫಲ್ಲುಗಳಲ್ಲೂ ಅದೇ ಕೆಲಸ ಮಾಡುವ ಏರ್ಪಾಡು ಇತ್ತು.

ಮೊದಲನೆಯ ಉತ್ತರದಲ್ಲಿ ಸ್ವಲ್ಪ ಸತ್ಯವಿದೆ. ಸೈನಿಕರು ಗಾಬರಿಯಲ್ಲಿ ಮದ್ದುಗುಂಡೆಲ್ಲ ಖಾಲಿ ಮಾಡಿಬಿಡುತ್ತಾರೆ ಎಂಬ ಭಯ ಹತ್ತೊಂಬತ್ತನೆಯ ಶತಮಾನದ ಎಲ್ಲ ಸೇನಾಧಿಕಾರಿಗಳಿಗೂ ಇತ್ತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಅಲ್ಲಿನ ಶಸ್ತ್ರಾಸ್ತ್ರ ವಿಭಾಗದ ಮುಖ್ಯಸ್ಥ ಜೇಮ್ಸ್ ರಿಪ್ಲಿ ಏಳು ತೋಟಾದ ಸ್ಪೆನ್ಸರ್ ರೈಫಲ್ಲಿನಂಥವನ್ನು ಸೈನ್ಯಕ್ಕೆ ಕೊಳ್ಳಲು ಸುಲಭಕ್ಕೆ ಒಪ್ಪಲಿಲ್ಲ. ಆದರೆ ಜಿಪುಣತನವೊಂದೇ ಕಾರಣವಾಗಿದ್ದರೆ ಮ್ಯಾಗಜೀನನ್ನೇ ಇಡದಿದ್ದರೆ ಆಗುತ್ತಿತ್ತು. ಖರ್ಚು ಮಾಡಿ ಮ್ಯಾಗಜೀನ್ ಇಟ್ಟು, ಮತ್ತೆ ಖರ್ಚು ಮಾಡಿ ಅದಕ್ಕೆ ಬಾಗಿಲು ಇಟ್ಟವರ ಮನಸ್ಸಿನಲ್ಲಿ ಇನ್ನೇನೋ ಇದ್ದಿರಲೇಬೇಕು. ಅದು ಅರ್ಥವಾಗಬೇಕಾದರೆ 1877ಕ್ಕೆ ಹೋಗಬೇಕು.

ಆ ವರ್ಷ ಇಂದಿನ ಬಲ್ಗೇರಿಯಾದ ಪ್ಲೆವ್ನಾದಲ್ಲಿ ಉಸ್ಮಾನ್ ಪಾಷಾನ ತುರ್ಕಿ ಸೈನ್ಯವನ್ನು ರಷ್ಯನ್ನರು ಮುತ್ತಿದರು. ತುರ್ಕರ ಬಳಿ ಎರಡು ಬಗೆಯ ಬಂದೂಕುಗಳಿದ್ದವು. ದೂರಕ್ಕೆ ಪೀಬಡಿ-ಮಾರ್ಟಿನಿ: ಒಂದೊಂದೇ ತೋಟಾ ಹಾಕಿ ಹಾರಿಸುವಂಥದ್ದು, ಹೊಡೆತ ಬಲು ದೂರ ಹೋಗುತ್ತದೆ. ಹತ್ತಿರಕ್ಕೆ ವಿಂಚೆಸ್ಟರ್: ನಳಿಕೆಯ ಕೆಳಗಿನ ಕೊಳವೆಯಲ್ಲಿ ಸಾಲಾಗಿ ತೋಟಾ ತುಂಬಿಕೊಂಡು ಸನ್ನೆ ಎಳೆದಷ್ಟೂ ಹಾರುವಂಥದ್ದು. ರಷ್ಯನ್ನರು ದೂರದಲ್ಲಿದ್ದಾಗ ಮೊದಲನೆಯದು ಅವರನ್ನು ತೆಳ್ಳಗಾಗಿಸುತ್ತಿತ್ತು. ಕಂದಕದ ಹತ್ತಿರಕ್ಕೆ ನುಗ್ಗಿ ಬಂದಾಗ ಎರಡನೆಯದು ಮಳೆಗರೆಯುತ್ತಿತ್ತು. ತಮ್ಮ ಕಡೆಯವರು ರಾಶಿರಾಶಿಯಾಗಿ ಬಿದ್ದರೂ ರಷ್ಯನ್ನರಿಗೆ ನೇರ ದಾಳಿಯಿಂದ ಪ್ಲೆವ್ನಾ ಕೈಗೆ ಸಿಗಲಿಲ್ಲ. ಕೊನೆಗೆ ಹಸಿವೆಯಿಂದ ಸೋಲಿಸಬೇಕಾಯಿತು. ಯುರೋಪಿನ ಸೈನ್ಯಗಳು ಈ ಯುದ್ಧದ ವರದಿಗಳನ್ನು ಎದ್ದುಬಿದ್ದು ಓದಿದವು.

ಅಡ್ಡ ತಗಡು ಮಾಡಿದ್ದು ಇಷ್ಟೇ: ಪ್ಲೆವ್ನಾದ ಆ ಎರಡು ಬಂದೂಕುಗಳನ್ನು ಒಂದೇ ಬಂದೂಕಿನಲ್ಲಿ ಸೇರಿಸಿತು. ತಗಡು ಒಳಗಿದ್ದರೆ ದೂರದ ನಿಧಾನದ ಹೊಡೆತ, ಹೊರಗೆಳೆದರೆ ಹತ್ತಿರದ ವೇಗದ ಹೊಡೆತ. ನಾನು ಕೊಡುವ ಉತ್ತರದ ತಿರುಳು ಇದೇ. ಇದು ಊಹೆಯಲ್ಲ ಎನ್ನಲು ನನಗೆ ತುಂಬ ಇಷ್ಟವಾದ ಸಾಕ್ಷಿಯೊಂದಿದೆ. 1893ರಲ್ಲಿ ತುರ್ಕಿ ಜರ್ಮನಿಯ ಮೌಸರ್ ಕಂಪನಿಯಿಂದ ರೈಫಲ್ ಮಾಡಿಸಿಕೊಂಡಾಗ, ಆ ಮಾದರಿಗೆ ಮ್ಯಾಗಜೀನ್ ತಡೆಯುವ ಏರ್ಪಾಡನ್ನು ಸೇರಿಸಿಯೇ ಮಾಡಿಸಿಕೊಂಡಿತು. ಅದೇ ಕಾಲದ ಬೇರೆ ದೇಶಗಳ ಮೌಸರ್‌ಗಳಲ್ಲಿ ಅದು ಸಾಮಾನ್ಯವಾಗಿ ಇರಲಿಲ್ಲ. ಪ್ಲೆವ್ನಾವನ್ನು ಕಂಡುಂಡವರು ತಮಗೆ ಬೇಕಾದದ್ದೇನು ಎಂದು ತಿಳಿದುಕೊಂಡೇ ಕೇಳಿದ್ದರು ಎಂದು ನಾನು ನಂಬುತ್ತೇನೆ.

ಆದರೂ ಒಂದು ಅನುಮಾನ ಉಳಿಯುತ್ತದೆ. ದೂರದ ಹೊಡೆತವನ್ನೂ ಮ್ಯಾಗಜೀನಿನಿಂದಲೇ ಹಾರಿಸಿ, ಖಾಲಿಯಾದಾಗ ತುಂಬಿಕೊಂಡರೆ ಆಗುವುದಿಲ್ಲವೇ? ಇಲ್ಲಿ ಸೈನಿಕನ ಬೆರಳುಗಳನ್ನು ನೋಡಬೇಕು. 1888ರಲ್ಲಿ ಬ್ರಿಟನ್ ಒಪ್ಪಿದ ಲೀ-ಮೆಟ್‌ಫರ್ಡ್‌ನ ಮೊದಲ ಮಾದರಿಯ ಮ್ಯಾಗಜೀನ್ ಎಂಟು ತೋಟಾ ಹಿಡಿಯುತ್ತಿತ್ತು, 1892ರ ಮಾದರಿಯದು ಹತ್ತು. ತುಂಬುವುದಕ್ಕೆ ಮಾತ್ರ ಬಿಡಿ ತೋಟಾಗಳೇ ಗತಿ. ಚೀಲಕ್ಕೆ ಕೈ ಹಾಕಿ ಒಂದೊಂದನ್ನೇ ತೆಗೆದು, ಸ್ಪ್ರಿಂಗಿನ ಒತ್ತಡಕ್ಕೆ ಎದುರಾಗಿ ಒಂದೊಂದನ್ನೇ ಅದುಮಬೇಕು. ಹತ್ತು ತುಂಬುವಷ್ಟರಲ್ಲಿ, ಒಂದೊಂದೇ ಹಾಕಿ ಹಾರಿಸುವವನು ಹಾರಿಸುತ್ತಲೇ ಇರುತ್ತಾನೆ. ಮ್ಯಾಗಜೀನ್ ತುಂಬಿದ್ದಾಗ ಅದರ ವೇಗಕ್ಕೆ ಸಾಟಿಯಿಲ್ಲ. ಒಮ್ಮೆ ಖಾಲಿಯಾಯಿತೋ, ರೈಫಲ್ ಕೆಲಹೊತ್ತು ಮೂಕ. ಶತ್ರು ನೂರು ಗಜದಲ್ಲಿರುವಾಗ ಹಾಗೆ ಮೂಕವಾಗಿ ನಿಲ್ಲುವುದೆಂದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಆ ಹತ್ತು ತೋಟಾಗಳು ಆಪತ್ಕಾಲಕ್ಕೆ ಕಟ್ಟಿಟ್ಟ ಗಂಟು. ದಿನದ ಖರ್ಚಿಗೆ ಚೀಲದ ಬಿಡಿ ತೋಟಾ, ಗಂಟಿಗೆ ಕೈ ಹಾಕುವುದು ಅಧಿಕಾರಿ ಹೇಳಿದಾಗ ಮಾತ್ರ.

ಇದೇ ಲೆಕ್ಕಾಚಾರ ಅಮೆರಿಕದವರು 1892ರಲ್ಲಿ ಆರಿಸಿಕೊಂಡ ಕ್ರಾಗ್-ಯೋರ್ಗೆನ್ಸನ್ ರೈಫಲ್ಲಿನಲ್ಲೂ ಇತ್ತು. ನಾರ್ವೆಯ ಈ ವಿನ್ಯಾಸದ ಮ್ಯಾಗಜೀನ್, ತೋಟಾವನ್ನು ನಳಿಕೆಯೊಳಕ್ಕೆ ತಳ್ಳುವ ಬೋಲ್ಟಿನ ಕೆಳಗೆ ಅಡ್ಡಡ್ಡವಾಗಿ ಮಲಗಿರುತ್ತದೆ. ಬಲಬದಿಯ ಪುಟ್ಟ ಬಾಗಿಲು ತೆರೆದು ಯಾವಾಗ ಬೇಕಾದರೂ ಬಿಡಿ ತೋಟಾ ಸುರಿಯಬಹುದು. ಒಳಗೆ ಮೂರು ಉಳಿದಿದ್ದರೆ ಇನ್ನೆರಡು ಹಾಕಿ ಐದು ಮಾಡಬಹುದು, ಬೋಲ್ಟ್ ಮುಚ್ಚಿಯೇ ಇರಬಹುದು. ಗಂಟನ್ನು ಕಾಯುವ ಮನೋಭಾವಕ್ಕೆ ಇದಕ್ಕಿಂತ ಒಳ್ಳೆಯ ಯಂತ್ರ ಇನ್ನೊಂದು ಬಂದಿಲ್ಲ.

ಲೀ-ಎನ್‌ಫೀಲ್ಡ್ ಹೆಸರಿನಲ್ಲಿರುವ ‘ಲೀ’, ಅಂದರೆ ವಿನ್ಯಾಸಕಾರ ಜೇಮ್ಸ್ ಪ್ಯಾರಿಸ್ ಲೀ, ಮೂಲದಲ್ಲಿ ಕಂಡ ದಾರಿ ಬೇರೆಯೇ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಅಮೆರಿಕದಲ್ಲಿ ನೆಲೆಸಿದ ಈತ 1879ರಲ್ಲಿ ಪೇಟೆಂಟ್ ಪಡೆದ ಪೆಟ್ಟಿಗೆ ಮ್ಯಾಗಜೀನ್ ಕಳಚಿ ಹಾಕುವಂಥದ್ದಾಗಿತ್ತು. ತುಂಬಿದ ಪೆಟ್ಟಿಗೆಗಳನ್ನು ಜೊತೆಯಲ್ಲಿಟ್ಟುಕೊಂಡು, ಖಾಲಿಯಾದದ್ದನ್ನು ಕಳಚಿ ಇನ್ನೊಂದನ್ನು ಸಿಕ್ಕಿಸಿದರೆ ಸಮಸ್ಯೆಯೇ ಇಲ್ಲ. ಇಂದಿನ ಎಲ್ಲ ಸೈನ್ಯಗಳೂ ನಡೆಯುವುದು ಹಾಗೆಯೇ. ಬ್ರಿಟಿಷ್ ಸೈನ್ಯ ಮಾತ್ರ ಪೆಟ್ಟಿಗೆ ಕಳೆದುಹೋದೀತೆಂದು ಅದನ್ನು ಸರಪಳಿಯ ಕೊಂಡಿಯಿಂದ ರೈಫಲ್ಲಿಗೇ ಬಿಗಿಯಿತು. ಆ ಕೊಂಡಿಯನ್ನು ನೋಡಿದಾಗ ನನಗೆ ಈಗಲೂ ಬೇಸರವಾಗುತ್ತದೆ. ಪರಿಹಾರ ಕೈಯಲ್ಲೇ ಇತ್ತು, ಅದನ್ನೇ ಕಟ್ಟಿಹಾಕಿದರು. ಅಡ್ಡ ತಗಡನ್ನು ನಾನು ಸಮರ್ಥಿಸುತ್ತೇನೆ, ಆ ಕೊಂಡಿಯನ್ನು ಸಮರ್ಥಿಸಲಾರೆ.

ಲೆಕ್ಕವನ್ನು ತಲೆಕೆಳಗು ಮಾಡಿದ್ದು ಒಂದು ತೆಳು ಲೋಹದ ಪಟ್ಟಿ. ಐದು ತೋಟಾಗಳನ್ನು ಬುಡದಲ್ಲಿ ಹಿಡಿದುಕೊಂಡಿರುವ ಕ್ಲಿಪ್ಪನ್ನು ರೈಫಲ್ಲಿನ ಮೇಲೆ ಸಿಕ್ಕಿಸಿ, ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಐದೂ ಒಳಗೆ. ಪೌಲ್ ಮೌಸರ್ ಬೆಲ್ಜಿಯಂಗೆ ಮಾಡಿಕೊಟ್ಟ 1889ರ ರೈಫಲ್ಲಿನಲ್ಲೇ ಇದು ಇತ್ತು. ಅದರ ಅರ್ಥ ಏನೆಂದು ಬ್ರಿಟಿಷರಿಗೆ ಹೊಳೆದದ್ದು ಹತ್ತು ವರ್ಷದ ಮೇಲೆ, ದಕ್ಷಿಣ ಆಫ್ರಿಕಾದಲ್ಲಿ. ಅಲ್ಲಿ ಬ್ರಿಟಿಷರ ವಿರುದ್ಧ ಯುದ್ಧಕ್ಕಿಳಿದ, ಡಚ್ ಮೂಲದ ಬೋಯರ್ ರೈತರ ಕೈಯಲ್ಲಿದ್ದದ್ದು ಕ್ಲಿಪ್ಪಿನಿಂದ ತುಂಬುವ ಏಳು ಮಿಲಿಮೀಟರ್ ಮೌಸರ್. ಎದುರಿನ ಬ್ರಿಟಿಷ್ ಸೈನಿಕ ಬಿಡಿ ತೋಟಾ ಹುಡುಕುತ್ತಿದ್ದ. 1899ರ ಡಿಸೆಂಬರಿನ ಒಂದೇ ವಾರದಲ್ಲಿ ಸ್ಟೋರ್ಮ್‌ಬರ್ಗ್, ಮಾಗರ್ಸ್‌ಫಾಂಟೇನ್, ಕೊಲೆನ್ಸೊ ಮೂರೂ ಕಡೆ ಬ್ರಿಟಿಷರಿಗೆ ಸೋಲಾಯಿತು. ಕೊಲೆನ್ಸೊದ ಗಾಯಾಳುಗಳನ್ನು ಹೊತ್ತವರಲ್ಲಿ ಗಾಂಧೀಜಿ ಕಟ್ಟಿದ ಭಾರತೀಯರ ಆಂಬ್ಯುಲೆನ್ಸ್ ದಳವೂ ಇತ್ತು. ಸೋಲಿಗೆ ಕ್ಲಿಪ್ ಒಂದೇ ಕಾರಣವಲ್ಲ. ಬೋಯರರು ಗುರಿಕಾರರು, ನೆಲ ಬಲ್ಲವರು, ಅಡಗಿ ಹೊಡೆಯುವವರು. ಆದರೆ ಯುದ್ಧ ಮುಗಿಯುವ ಹೊತ್ತಿಗೆ ಹೊಸ ಬ್ರಿಟಿಷ್ ರೈಫಲ್ಲಿಗೆ ಕ್ಲಿಪ್ ಬೇಕೇಬೇಕೆಂದು ತೀರ್ಮಾನವಾಗಿತ್ತು. 1898ರಲ್ಲಿ ಕ್ಯೂಬಾದಲ್ಲಿ ಸ್ಪೇನಿನ ಮೌಸರ್‌ಗಳನ್ನು ಎದುರಿಸಿದ ಅಮೆರಿಕದವರೂ ಅದೇ ಪಾಠ ಕಲಿತು, ಕ್ರಾಗ್ ಬಿಟ್ಟು 1903ರ ಸ್ಪ್ರಿಂಗ್‌ಫೀಲ್ಡ್‌ಗೆ ಹೋದರು.

ತ್ರೀ ನಾಟ್ ತ್ರೀಗೆ ಕ್ಲಿಪ್ ಹೊಂದಿಸುವುದು ಮೌಸರ್‌ಗೆ ಹೊಂದಿಸಿದಷ್ಟು ಸಲೀಸಾಗಿರಲಿಲ್ಲ. ಕಾರಣ, ತೋಟಾದ ಬುಡದಲ್ಲಿ ಹೊರಕ್ಕೆ ಚಾಚಿದ ಅಂಚು. ಕೊಡಗಿನ ಮನೆಗಳಲ್ಲಿ ಕೈಲ್ ಮುಹೂರ್ತದಂದು ಪೂಜೆಗಿಡುವ ಜೋಡಿ ನಳಿಕೆ ಕೋವಿಯ ತೋಟಾಕ್ಕೂ ಇಂಥ ಅಂಚಿದೆ. ಅಲ್ಲಿ ಅದು ವರ. ತೋಟಾ ನಳಿಕೆಯೊಳಗೆ ಜಾರಿಹೋಗದಂತೆ ತಡೆಯುತ್ತದೆ, ಹಾರಿದ ಮೇಲೆ ಹೊರಗೆಳೆಯಲು ಹಿಡಿಯಾಗುತ್ತದೆ. ಒಂದರ ಮೇಲೊಂದು ಪೇರಿಸಿದಾಗ ಅದೇ ಅಂಚು ತೊಡಕಾಗುತ್ತದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಹಿಂದೆ ಬಿತ್ತೆಂದರೆ, ಬೋಲ್ಟ್ ಮೇಲಿನದನ್ನು ಮುಂದಕ್ಕೆ ತಳ್ಳಿದಾಗ ಅದು ಕೆಳಗಿನದನ್ನೂ ಎಳೆದುಕೊಂಡು ಸಿಕ್ಕಿಬೀಳುತ್ತದೆ. ಬೋಲ್ಟ್ ಅರ್ಧಕ್ಕೆ ನಿಂತು ಅಲ್ಲಾಡುವುದಿಲ್ಲ. ಎನ್‌ಸಿಸಿಯಲ್ಲಿ ನಕಲಿ ತೋಟಾಗಳನ್ನು ಬಿಡಿಬಿಡಿಯಾಗಿ ತುಂಬಿ ಅಭ್ಯಾಸ ಮಾಡಿದವರಿಗೆ ಆ ಒದ್ದಾಟ ಚೆನ್ನಾಗಿ ಗೊತ್ತು. ಬ್ರಿಟಿಷ್ ಕ್ಲಿಪ್ಪಿನಲ್ಲಿ ಅಂಚುಗಳನ್ನು ಒಂದು ಹಿಂದೆ ಒಂದು ಮುಂದೆ ಎಂಬಂತೆ ಜೋಡಿಸುತ್ತಿದ್ದರು, ತಲೆಕೆಳಗಾಗಿ ಹಿಡಿದರೂ ಜೋಡಣೆ ಅದೇ ಇರುವಂತೆ. ಕತ್ತಲಲ್ಲಿ, ಕೆಸರಿನಲ್ಲಿ, ನಡುಗುವ ಕೈಯಲ್ಲಿ ತುಂಬುವವನಿಗೆ ಮೇಲೆ ಕೆಳಗೆ ನೋಡುವ ಅಗತ್ಯವಿಲ್ಲ. ಇಷ್ಟು ಸಣ್ಣ ವಸ್ತುವಿನಲ್ಲಿ ಇಷ್ಟು ಕರುಣೆಯಿರುವುದನ್ನು ನಾನು ಬೇರೆ ಯುದ್ಧಸಾಮಗ್ರಿಯಲ್ಲಿ ಕಂಡಿಲ್ಲ.

ಮ್ಯಾಗಜೀನಿನ ತುಟಿಗಳ ಮಾತೂ ಇಲ್ಲಿಗೇ ಸೇರುತ್ತದೆ. ತೋಟಾಗಳನ್ನು ಸ್ಪ್ರಿಂಗ್ ಮೇಲಕ್ಕೆ ನೂಕುತ್ತಿರುತ್ತದೆ. ಅವು ಚಿಮ್ಮಿ ಹೋಗದಂತೆ ತಡೆದು, ಸರಿಯಾದ ಕ್ಷಣಕ್ಕೆ ಸರಿಯಾದ ಕೋನದಲ್ಲಿ ಬಿಡುವುದು ಪೆಟ್ಟಿಗೆಯ ಬಾಯಿಯ ಆ ಬಾಗಿದ ಅಂಚುಗಳು. ತುಸು ಅಗಲವಾದರೆ ತೋಟಾ ಬೇಗ ಎಗರುತ್ತದೆ, ತುಸು ಬಿಗಿಯಾದರೆ ಬೋಲ್ಟಿಗೆ ಭಾರವಾಗುತ್ತದೆ. ರೆಜಿಮೆಂಟಿನ ಬಂದೂಕು ರಿಪೇರಿ ಮಾಡುವ ಆರ್ಮರರ್ ಇಕ್ಕಳ ಹಿಡಿದು ಅವುಗಳನ್ನು ಕೂದಲೆಳೆಯಷ್ಟು ಬಾಗಿಸಿ ಸರಿಮಾಡುತ್ತಿದ್ದ. ಒಂದು ರೈಫಲ್ಲಿನಲ್ಲಿ ಬೆಣ್ಣೆಯಂತೆ ನಡೆಯುವ ಪೆಟ್ಟಿಗೆ ಪಕ್ಕದವನ ರೈಫಲ್ಲಿನಲ್ಲಿ ಹಟ ಮಾಡುವುದು ಇದೇ ಕಾರಣಕ್ಕೆ. ಹಳೆಯ ತ್ರೀ ನಾಟ್ ತ್ರೀ ಸಿಕ್ಕಿಬೀಳುತ್ತದೆ ಎಂದು ದೂರುವವರಿಗೆಲ್ಲ ನಾನು ಹೇಳುವುದು, ರೈಫಲ್ಲನ್ನು ಬಯ್ಯುವ ಮೊದಲು ಪೆಟ್ಟಿಗೆಯ ತುಟಿ ನೋಡಿ ಎಂದು.

ಕ್ಲಿಪ್ ಬಂದ ಮೇಲೆ ಹತ್ತು ತೋಟಾ ತುಂಬುವುದು ಹೆಬ್ಬೆರಳಿನ ಎರಡು ಒತ್ತಿನ ಕೆಲಸವಾಯಿತು. ಗಂಟು ಕಾಯುವ ಅಗತ್ಯ ಅಲ್ಲಿಗೆ ಮುಗಿಯಿತು. ಆದರೂ ಲೀ-ಎನ್‌ಫೀಲ್ಡ್‌ನ 1907ರ ಪ್ರಸಿದ್ಧ ಮಾರ್ಕ್ ತ್ರೀ ಮಾದರಿಯಲ್ಲಿ ಕ್ಲಿಪ್ ಸಿಕ್ಕಿಸುವ ಸೇತುವೆಯೂ ಇತ್ತು, ಅಡ್ಡ ತಗಡೂ ಇತ್ತು. ಇಲ್ಲಿ ಮಾತ್ರ ತಗಡಿನ ಪರವಾಗಿ ವಾದಿಸಲು ನನಗೆ ಏನೂ ಇಲ್ಲ. ಅದು ಉಳಿದದ್ದು ರೂಢಿಯ ಬಲದಿಂದ. ಅದೇ ಸೈನ್ಯ ತನ್ನ ಸೈನಿಕರಿಗೆ ನಿಮಿಷಕ್ಕೆ ಹದಿನೈದು ಗುರಿಯಿಟ್ಟ ಹೊಡೆತ ಹಾರಿಸುವ ತರಬೇತಿ ಕೊಡುತ್ತಿತ್ತು. ನಿಧಾನಕ್ಕಾಗಿ ತಗಡು, ವೇಗಕ್ಕಾಗಿ ಕವಾಯತು, ಎರಡೂ ಒಂದೇ ರೈಫಲ್ಲಿನ ಮೇಲೆ.

ತಗಡನ್ನು ತೆಗೆಸಿದ್ದು ಕಾರ್ಖಾನೆ. ಮೊದಲ ಮಹಾಯುದ್ಧಕ್ಕೆ ಲಕ್ಷಗಟ್ಟಲೆ ರೈಫಲ್ ಬೇಕಾದಾಗ, ಆ ತಗಡು ಕೂರಲು ರೈಫಲ್ಲಿನ ಒಡಲಿನಲ್ಲಿ ಕೊರೆಯುವ ಸೀಳು ಸುಮ್ಮನೆ ಹೊತ್ತು ತಿನ್ನುತ್ತಿತ್ತು. 1916ರ ಆರಂಭದಲ್ಲಿ ಅಧಿಕೃತವಾದ ಮಾದರಿಯಲ್ಲಿ ತಗಡನ್ನೂ, ಬಹುದೂರದ ಸಾಮೂಹಿಕ ಹೊಡೆತಕ್ಕೆ ಇಟ್ಟಿದ್ದ ಪಕ್ಕದ ಗುರಿಮಾಪಕವನ್ನೂ ಬಿಟ್ಟರು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅದು ಇನ್ನೂ ಬಹುಕಾಲ ಉಳಿಯಿತು. ಅಲ್ಲಿ ಮ್ಯಾಗಜೀನ್ ತಡೆಯುವ ಸನ್ನೆಯೇ ಬೋಲ್ಟನ್ನು ಬಿಡಿಸುವ ಕೀಲಿಯೂ ಆಗಿತ್ತು. ತೆಗೆದರೆ ಅದರ ಜಾಗಕ್ಕೆ ಇನ್ನೊಂದು ಬೇಕಾಗುತ್ತಿತ್ತು.

ರಷ್ಯಾದ 1891ರ ಮೋಸಿನ್ ರೈಫಲ್ಲಿನಲ್ಲೂ ಇದೇ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇಲ್ಲ, ಅದು ಬೇರೆ. ಅಲ್ಲಿನ ತೋಟಾಕ್ಕೂ ಅಂಚಿದೆ. ಮೇಲಿನದು ಹೋಗುವಾಗ ಕೆಳಗಿನದು ಎದ್ದು ಸಿಕ್ಕಿಬೀಳದಂತೆ ಒಂದು ಸಣ್ಣ ಸ್ಪ್ರಿಂಗ್ ತುಂಡು ಎರಡನೆಯದನ್ನು ಅದುಮಿ ಹಿಡಿಯುತ್ತದೆ. ಸೈನಿಕ ಅದನ್ನು ಮುಟ್ಟುವಂತಿಲ್ಲ, ಪ್ರತಿ ಹೊಡೆತಕ್ಕೂ ಅದು ತಾನಾಗಿಯೇ ಕೆಲಸ ಮಾಡುತ್ತದೆ. ಲೀ ರೈಫಲ್ಲಿನ ತಗಡು ಸೈನಿಕನ ಬೆರಳಿಗೆ, ಅಧಿಕಾರಿಯ ಮಾತಿಗೆ ಕಾಯುತ್ತದೆ.

ಇನ್ನು ನಿವೃತ್ತ ಪೊಲೀಸರು ಕೇಳುವುದು, ನಮ್ಮ ರೈಫಲ್ಲಿನಲ್ಲಿ ತಗಡು ಏಕೆ ಇರಲಿಲ್ಲ ಎಂದು. ನಿಮ್ಮ ಕೈಗೆ ಬಂದದ್ದು ಬಹುಮಟ್ಟಿಗೆ ತಗಡು ಬಿಟ್ಟ ನಂತರದ ಮಾದರಿಗಳು. 1962ರ ಯುದ್ಧದ ನಂತರ ಬಂಗಾಳದ ಇಶಾಪುರ ಕಾರ್ಖಾನೆ ಅದೇ ವಿನ್ಯಾಸವನ್ನು 7.62 ಮಿಲಿಮೀಟರ್ ತೋಟಾಕ್ಕೆ ಹೊಂದಿಸಿ ಮಾಡಿದ ರೈಫಲ್ಲಿನಲ್ಲಂತೂ ತಗಡಿನ ಪ್ರಶ್ನೆಯೇ ಇಲ್ಲ. ಆ ತೋಟಾಕ್ಕೆ ಹೊರಚಾಚಿದ ಅಂಚೂ ಇಲ್ಲವಾದ್ದರಿಂದ ಒಂದಕ್ಕೊಂದು ಸಿಕ್ಕಿಬೀಳುವ ಕಾಟವೂ ತಪ್ಪಿತು. ಎರಡನ್ನೂ ಅಕ್ಕಪಕ್ಕ ಇಟ್ಟಿರುವುದು ಎಲ್ಲಾದರೂ ಕಂಡರೆ ಮ್ಯಾಗಜೀನ್ ನೋಡಿ. ತ್ರೀ ನಾಟ್ ತ್ರೀಯದು ಅಂಚಿನ ತೋಟಾಗಳನ್ನು ಓರೆಯಾಗಿ ಕೂರಿಸಲೆಂದು ಇಳಿಜಾರಾಗಿದೆ, ಇಶಾಪುರದ್ದು ಚೌಕ ಪೆಟ್ಟಿಗೆ.