“ಹಾಳು ಮಾಡಿದ್ರು” ಅಂದರೆ ಏನು ಅಂತ ನಾನು ಕೇಳಲಿಲ್ಲ

ವಿಜಯಪುರದ ಕೋರ್ಟಿನಲ್ಲಿ ಸರ್ಕಾರದ ಪರ ಕೇಸು ನಡೆಸುವುದು ನನ್ನ ಕೆಲಸ. ಕಕ್ಷಿದಾರರ ಬಾಯಲ್ಲಿ ನಾನು “ಪಿಪಿ ಮೇಡಂ”. ಈ ಕೆಲಸಕ್ಕೆ ಬಂದ ಹೊಸದರಲ್ಲಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಬರೆಯುತ್ತಿದ್ದೇನೆ. ಊರು, ವರ್ಷ, ಜಾತಿ ಯಾವುದನ್ನೂ ಹೇಳುವುದಿಲ್ಲ.

ಎರಡು ಗುಂಪಿನ ಹಗೆತನ. ಒಂದು ರಾತ್ರಿ ಬಡಿಗೆ, ಕೊಡಲಿ ಹಿಡಿದುಕೊಂಡು ಬಂದವರು ಒಂದು ಓಣಿಗೇ ಬೆಂಕಿ ಹಚ್ಚಿದ್ದರು. ಚಾರ್ಜ್‌ಶೀಟಿನಲ್ಲಿ ಇದ್ದದ್ದು ಅಕ್ರಮ ಕೂಟ, ಹಲ್ಲೆ, ಮನೆ ಸುಟ್ಟಿದ್ದು, ಅಷ್ಟೇ. ಏಳನೇ ಸಾಕ್ಷಿಯಾಗಿ ಒಬ್ಬ ಹೆಣ್ಣುಮಗಳು ಕಟಕಟೆಗೆ ಬಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಹೇಳಿದಳು: “ಬಣವಿಗಿ ಬೆಂಕಿ ಹಚ್ಚಿದ್ರು. ಆಕಳ ಹಗ್ಗ ಕೊಯ್ದ್ವಿ. ಆಮ್ಯಾಲ ನನ್ನ ಹಾಳು ಮಾಡಿದ್ರು. ಆಮ್ಯಾಲ ಪೊಲೀಸ್ರು ಬಂದ್ರು.”

ನಾನು ಕೇಳಿದ ಮುಂದಿನ ಪ್ರಶ್ನೆ: “ಪೊಲೀಸ್ರು ಎಷ್ಟ ಹೊತ್ತಿಗಿ ಬಂದ್ರು?”

ಕಿವಿಗೆ ಬೀಳಲಿಲ್ಲ ಅಂತಲ್ಲ, ಚೆನ್ನಾಗಿಯೇ ಬಿದ್ದಿತ್ತು. ಆದರೆ ಎಫ್‌ಐಆರ್‌ನಲ್ಲಿ ಆ ಮಾತಿಲ್ಲ, ಪೊಲೀಸರ ಮುಂದಿನ ಹೇಳಿಕೆಯಲ್ಲೂ ಇಲ್ಲ. ಕಟಕಟೆಯಲ್ಲಿ ಮೊದಲ ಸಲ ಬಂದರೆ ಪಾಟೀ ಸವಾಲಿನಲ್ಲಿ ಎದುರಿನ ವಕೀಲರು “ಇಂಪ್ರೂವ್‌ಮೆಂಟ್”, ಅಂದರೆ ಆಮೇಲೆ ಸೇರಿಸಿದ ಮಾತು, ಅಂತ ಹಿಡಿದು ಅವಳ ಇಡೀ ಸಾಕ್ಷ್ಯವನ್ನೇ ಉರುಳಿಸುತ್ತಾರೆ. ಇರುವ ಕೇಸು ಕೆಡಬಾರದು ಎಂಬ ಜಾಣತನ ನನ್ನದು. ಟೈಪಾಗಿ ಬಂದ ಹಾಳೆಯಲ್ಲಿ “ಆರೋಪಿತರು ನನಗೆ ಹಾನಿ ಮಾಡಿದರು” ಎಂದಿತ್ತು. ಹಾಳು ಹೋಗಿ ಹಾನಿ ಆಗಿತ್ತು. ಅದಕ್ಕೂ ನಾನು ಎದ್ದು ನಿಲ್ಲಲಿಲ್ಲ. ಮನೆ ಸುಟ್ಟಿದ್ದಕ್ಕೆ ಕೆಲವರಿಗೆ ಶಿಕ್ಷೆಯಾಯಿತು.

ಎಷ್ಟೋ ವರ್ಷದ ಮೇಲೆ ಬೆಳಗಾವಿಯಲ್ಲಿ ಕಾನೂನು ಓದುವ ಹುಡುಗರಿಗೆ ಒಂದು ತಾಸು ಮಾತಾಡಲು ಕರೆದರು. ವಿಷಯ, ಯುದ್ಧದಲ್ಲಿ ಮಿಲಿಷಿಯಾಗಳು, ಅಂದರೆ ಸೈನ್ಯಕ್ಕೆ ಸೇರದ ಆಯುಧಧಾರಿ ಗುಂಪುಗಳು, ಹೆಣ್ಣುಮಕ್ಕಳ ಮೇಲೆ ಮಾಡುವ ಅತ್ಯಾಚಾರ ಮತ್ತು ಅದರ ವಿಚಾರಣೆ. ನನಗೇನು ಗೊತ್ತು ಅದರ ಬಗ್ಗೆ? ಒಪ್ಪಿಕೊಂಡಾಗಿತ್ತು, ಓದಬೇಕಾಯಿತು. ರಾತ್ರಿ ಊಟವಾದ ಮೇಲೆ ಅಕಾಯೇಸು ಪ್ರಕರಣದ ತೀರ್ಪು ಹಿಡಿದು ಕುಳಿತೆ.

ರುವಾಂಡಾದ ಟಾಬಾ ಎಂಬಲ್ಲಿ ಜ್ಯಾಂ ಪಾಲ್ ಅಕಾಯೇಸು ಮೇಯರ್ ಆಗಿದ್ದ. 1994ರ ನರಮೇಧದಲ್ಲಿ ಜೀವ ಉಳಿಸಿಕೊಳ್ಳಲು ಅವನ ಕಚೇರಿಯ ಆವರಣಕ್ಕೆ ಬಂದ ತುತ್ಸಿ ಜನಾಂಗದ ಹೆಂಗಸರ ಮೇಲೆ ಇಂಟರಹಾಮ್ವೆ ಎಂಬ ಮಿಲಿಷಿಯಾದವರು ಅಲ್ಲೇ ಅತ್ಯಾಚಾರ ಮಾಡಿದರು. ಆದರೆ ಟಾಂಜಾನಿಯಾದ ಅರೂಷಾದಲ್ಲಿ ವಿಶ್ವಸಂಸ್ಥೆಯ ನ್ಯಾಯಮಂಡಳಿ 1997ರ ಜನವರಿಯಲ್ಲಿ ವಿಚಾರಣೆ ಶುರು ಮಾಡಿದಾಗ ದೋಷಾರೋಪಣೆಯಲ್ಲಿ ಅತ್ಯಾಚಾರದ ಒಂದು ಅಕ್ಷರ ಇರಲಿಲ್ಲ. ಕೊಲೆಗಳ ಬಗ್ಗೆ ಹೇಳಲು ಬಂದಿದ್ದ ಒಬ್ಬ ತಾಯಿ, ತೀರ್ಪಿನಲ್ಲಿ ಅವಳ ಹೆಸರು “ಸಾಕ್ಷಿ ಜೆ”, ನಡುವೆ ಒಂದು ಮಾತು ಹೇಳಿದಳು: ತನ್ನ ಆರು ವರ್ಷದ ಮಗಳ ಮೇಲೆ ಮೂವರು ಅತ್ಯಾಚಾರ ಮಾಡಿದರು. ತನಿಖೆಗೆ ಬಂದವರು ಅವಳನ್ನು ಅದರ ಬಗ್ಗೆ ಕೇಳಿರಲೇ ಇಲ್ಲ.

ಪೀಠದಲ್ಲಿದ್ದ ಮೂವರಲ್ಲಿ ಒಬ್ಬಳೇ ಹೆಣ್ಣುಮಗಳು ನವನೀತಂ ಪಿಳ್ಳೈ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಬಸ್ ಡ್ರೈವರರ ಮಗಳಾಗಿ ಹುಟ್ಟಿದ ತಮಿಳು ಮೂಲದವರು. ಅವರು ಆ ಮಾತನ್ನು ಹೋಗಗೊಡಲಿಲ್ಲ, ಕೇಳಿದರು. ಮುಂದೆ ಇನ್ನೊಬ್ಬ ಸಾಕ್ಷಿ ತನ್ನ ಮೇಲೇ ಆದದ್ದನ್ನು ಹೇಳಿದಳು. ಜೂನ್‌ನಲ್ಲಿ ದೋಷಾರೋಪಣೆ ತಿದ್ದುಪಡಿಯಾಯಿತು. 1998ರ ಸೆಪ್ಟೆಂಬರ್ 2ರ ತೀರ್ಪಿನಲ್ಲಿ, ಒಂದು ಜನಾಂಗವನ್ನು ಇಲ್ಲವಾಗಿಸುವ ಉದ್ದೇಶದಿಂದ ಮಾಡಿದ ಅತ್ಯಾಚಾರವೂ ನರಮೇಧವೇ ಎಂದು ಅಂತರರಾಷ್ಟ್ರೀಯ ನ್ಯಾಯಮಂಡಳಿಯೊಂದು ಮೊದಲ ಬಾರಿಗೆ ಹೇಳಿತು. ಅಕಾಯೇಸುಗೆ ಜೀವಾವಧಿ.

ನನ್ನ ಟೇಬಲ್ ಮೇಲೂ ಅದೇ ಹತ್ಯಾರು ಇದ್ದವು. ತೀರ್ಪು ಹೇಳುವ ತನಕ ಚಾರ್ಜ್ ಬದಲಿಸಲು ಆಗ ದಂಡ ಪ್ರಕ್ರಿಯಾ ಸಂಹಿತೆಯ 216ನೇ ಕಲಂ, ಸಾಕ್ಷಿಯನ್ನು ಮತ್ತೆ ಕರೆಸಲು 311ನೇ ಕಲಂ. ನಾನು ಎರಡನ್ನೂ ಮುಟ್ಟಲಿಲ್ಲ.

ಅದೇ ತೀರ್ಪಿನ ಇನ್ನೊಂದು ಪುಟದಲ್ಲಿ ನಿದ್ದೆಯೇ ಹಾರಿತು. ಸಾಕ್ಷಿಗಳು ಕಿನ್ಯಾರ್ವಾಂಡಾ ಭಾಷೆಯಲ್ಲಿ ಬಳಸಿದ ನಾಲ್ಕು ಶಬ್ದಗಳನ್ನು ಕೋರ್ಟು ಒಂದೊಂದಾಗಿ ಬಿಡಿಸಿ ನೋಡಿದೆ. “ಕುರ್ಯಾಮಾನಾ” ಅಂದರೆ ಒಂದೇ ಹಾಸಿಗೆಯಲ್ಲಿ ಮಲಗು ಎಂದೂ ಆಗುತ್ತದೆ. “ಗುಫಾತಾ ಕುಂಗುಫು” ಅಂದರೆ ಬಲವಂತದಿಂದ ತಗೊ; ವಸ್ತುವಿಗೂ ಅದೇ ಮಾತು, ಅತ್ಯಾಚಾರಕ್ಕೂ ಅದೇ. ನಮ್ಮ ಕಡೆ? ಹಾಳು ಮಾಡಿದ, ಕೆಡಿಸಿದ, ಜಬರ್ದಸ್ತಿ ಮಾಡಿದ, ಮೈಮ್ಯಾಲ ಬಿದ್ದ, ಮರ್ಯಾದಿ ತಗದ. “ಅತ್ಯಾಚಾರ” ಎಂಬ ಶಬ್ದ ಪೇಪರಿನದು, ನಮ್ಮ ಹಳ್ಳಿ ಹೆಣ್ಣುಮಕ್ಕಳ ಬಾಯಿಂದ ಅದು ನೇರ ಬಂದದ್ದನ್ನು ನಾನು ಕೇಳಿದ್ದು ಕಡಿಮೆ. ಅವರ ಶಬ್ದ ಹಾಳೆಯ ಮೇಲೆ ಬರಬೇಕು, ಅದರ ಅರ್ಥವನ್ನು ಅವರ ಬಾಯಿಂದಲೇ ಕೇಳಬೇಕು. ಎರಡರಲ್ಲಿ ಒಂದು ಬಿಟ್ಟರೂ ಕೇಸು ಸೋರುತ್ತದೆ.

ಮಿಲಿಷಿಯಾ ಅಂದರೆ ಏನು ಅಂತ ಆ ಹುಡುಗರಿಗೆ ತಿಳಿಸುವುದು ಕಷ್ಟವಾಗಲಿಲ್ಲ. ರಜಾಕಾರರು ಅಂದೆ, ಮುಗಿಯಿತು. ನಮ್ಮಾಯಿ 1948ರಲ್ಲಿ ನಿಜಾಮನ ಸೀಮೆಯ ಸುರಪುರದ ಕಡೆಯಿಂದ ಗಾಡಿ ಕಟ್ಟಿಕೊಂಡು ಸಿಂದಗಿ ಕಡೆ ಓಡಿ ಬಂದವಳು. ರಜಾಕಾರರ ಹಾವಳಿ ಕಥೆಯನ್ನು ಎಷ್ಟು ಸಲ ಹೇಳಿದ್ದಾಳೋ. ಹಗೇವಿನ ಜೋಳ ಎಷ್ಟು ಚೀಲ, ಹಂಡೆ ಎಷ್ಟು, ಎತ್ತಿನ ಬಣ್ಣ ಯಾವುದು, ಎಲ್ಲ ಲೆಕ್ಕ ಇತ್ತು. ಅಕ್ಕನ ವಿಷಯ ಬಂದಾಗ ಮಾತ್ರ “ಅಕ್ಕ ಬಾವಿಗಿ ಹೋದ್ಲು” ಅಂತ ಒಂದೇ ಮಾತು, ಮತ್ತೆ ಎತ್ತಿನ ಕಥೆ. ನೀರಿಗೆ ಹೋದಳೋ, ಹಾರಲು ಹೋದಳೋ? ಎಲ್‌ಎಲ್‌ಬಿ ಮುಗಿಸಿದ ಮೇಲೂ ನಾನು ಕೇಳಲಿಲ್ಲ. ಈಗ ಆಯಿ ಇಲ್ಲ. ರಜಾಕಾರರ ನಾಯಕ ಕಾಸಿಂ ರಜ್ವಿ ಜೈಲಿಗೆ ಹೋದ, 1957ರಲ್ಲಿ ಹೊರಬಂದು ಪಾಕಿಸ್ತಾನ ಸೇರಿದ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ನಂತರ ಅದೇ ಸೀಮೆಯ ಮುಸ್ಲಿಂ ಹೆಂಗಸರ ಮೇಲೂ ಇದೇ ನಡೆಯಿತು. ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಅದನ್ನು ಬರೆದುಕೊಟ್ಟಿತು, ವರದಿ ದಶಕಗಳ ಕಾಲ ಹೊರಬರಲಿಲ್ಲ. ಅವರ ಮನೆಗಳಲ್ಲೂ ಯಾರೋ ಒಬ್ಬ ಅಕ್ಕ “ಬಾವಿಗಿ ಹೋಗಿ”ರಬೇಕು.

“ದಂಗೆ ಅಂದ್ಮ್ಯಾಲ ಇವೆಲ್ಲ ಆಗೂದ ರೀ ಮೇಡಂ” ಅಂತ ತನಿಖಾಧಿಕಾರಿಗಳು ಹೇಳುವುದನ್ನು ಕೇಳಿ ಕೇಳಿ ನಾನೂ ಅರ್ಧ ನಂಬಿದ್ದೆ. ಅದು ಸುಳ್ಳು. ಶ್ರೀಲಂಕಾದ ತಮಿಳು ಬಂಡುಕೋರ ಪಡೆ ಎಲ್‌ಟಿಟಿಇ ಸಾವಿರಾರು ಜನರನ್ನು ಕೊಂದರೂ, ನಾಗರಿಕ ಹೆಂಗಸರ ಮೇಲೆ ಅದರವರ ಅತ್ಯಾಚಾರ ತೀರಾ ವಿರಳ ಎಂದು ಸಂಶೋಧಕಿ ಎಲಿಸಬೆತ್ ವುಡ್ ತೋರಿಸಿದ್ದಾರೆ. ನಾಯಕ ಮನಸ್ಸು ಮಾಡಿದರೆ ತಡೆಯಬಹುದು ಅಂತಾಯಿತು. ಡಾರಾ ಕೇ ಕೋಹೆನ್ ಎಂಬ ಇನ್ನೊಬ್ಬ ಸಂಶೋಧಕಿಯ ಅಧ್ಯಯನ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ಬಗ್ಗೆ. ಅಲ್ಲಿ ಆರ್‌ಯುಎಫ್ ಬಂಡುಕೋರರು ಹುಡುಗರನ್ನು ಅಪಹರಿಸಿ ತಂದು ಪಡೆ ಕಟ್ಟಿದರು. ಒಬ್ಬರಿಗೊಬ್ಬರು ಗುರುತಿಲ್ಲ, ನಂಬಿಕೆಯಿಲ್ಲ. ಸಾಮೂಹಿಕ ಅತ್ಯಾಚಾರ ಅಂಥವರನ್ನು ಒಂದೇ ಪಾಪದಲ್ಲಿ ಕಟ್ಟಿಹಾಕುವ ಹಗ್ಗವಾಯಿತು. ಇದನ್ನು ಓದಿದ ಮೇಲೆ ನನ್ನ ಪ್ರಶ್ನೆಗಳು ಬದಲಾದವು. ಮೊದಲು ಯಾರು ಬಂದರು, ಬಾಗಿಲಲ್ಲಿ ಯಾರು ನಿಂತಿದ್ದರು, ಯಾರು ನಕ್ಕರು, “ಸಾಕು” ಅಂದವರು ಯಾರಾದರೂ ಇದ್ದರೇ.

ಇನ್ನೊಂದು ಪಾಠ ಕಾಂಗೋದ ಕವುಮು ಎಂಬ ಊರಿನಿಂದ. 2013ರಿಂದ 2016ರವರೆಗೆ ಅಲ್ಲಿ ರಾತ್ರಿ ಮನೆಗಳಿಂದ ಪುಟ್ಟ ಹೆಣ್ಣುಮಕ್ಕಳನ್ನು ಹೊತ್ತೊಯ್ದು ಅತ್ಯಾಚಾರ ಮಾಡುತ್ತಿದ್ದರು. ಮುಂದೆ ನೊಬೆಲ್ ಪಡೆದ ವೈದ್ಯ ಡೆನಿಸ್ ಮುಕ್ವೇಗೆ ಅವರ ಆಸ್ಪತ್ರೆಯಲ್ಲಿ ಆ ಮಕ್ಕಳಿಗೆ ಚಿಕಿತ್ಸೆ. ಮೊದಮೊದಲು ಪ್ರತಿ ದೂರೂ ಬಿಡಿಬಿಡಿ ಫೈಲು, ಯಾವುದೂ ಮುಂದೆ ಹೋಗಲಿಲ್ಲ. ಎಲ್ಲವನ್ನೂ ಒಂದೇ ಮಿಲಿಷಿಯಾದ ಕೃತ್ಯವೆಂದು ಸೇರಿಸಿದಾಗ ಹಿಂದಿದ್ದವನು ಕಂಡ: ಪ್ರಾಂತ್ಯದ ಶಾಸಕ ಫ್ರೆಡೆರಿಕ್ ಬಟುಮಿಕೆ. 2017ರ ಡಿಸೆಂಬರಿನಲ್ಲಿ ಮಿಲಿಟರಿ ಕೋರ್ಟು ಮಾನವೀಯತೆಯ ವಿರುದ್ಧದ ಅಪರಾಧಕ್ಕಾಗಿ ಅವನಿಗೂ ಸಹಚರರಿಗೂ ಜೀವಾವಧಿ ವಿಧಿಸಿತು. ಅಂದಿನಿಂದ ಒಂದು ಗಲಾಟೆಗೆ ಸಂಬಂಧಪಟ್ಟ ಫೈಲುಗಳನ್ನೆಲ್ಲ ಒಟ್ಟಿಗೆ ಟೇಬಲ್ ಮೇಲೆ ಹರವಿಯೇ ಓದುತ್ತೇನೆ. ನಮ್ಮಲ್ಲೂ 2013ರ ತಿದ್ದುಪಡಿ ಕೋಮು ಗಲಭೆಯ ಸಮಯದ ಅತ್ಯಾಚಾರಕ್ಕೆ ಬೇರೆಯೇ ಕಲಂ ಕೊಟ್ಟಿದೆ, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 64(2)(ಜಿ). ಕಲಂ ಇದೆ, ಅದಕ್ಕೆ ಸಾಕ್ಷ್ಯ ತಂದಿಡಬೇಕಾದವರು ನಾವು.

ಬೆಳಗಾವಿಯ ಆ ಭಾಷಣವಾಗಿ ಕೆಲವು ತಿಂಗಳಿಗೆ ಮತ್ತೊಂದು ಹೊಡೆದಾಟದ ಕೇಸು. ವಯಸ್ಸಾದ ಹೆಂಗಸು ಅಣ್ಣತಮ್ಮಂದಿರ ಜಗಳದ ಬಗ್ಗೆ ಹೇಳುತ್ತ ಹೇಳುತ್ತ “ನನ್ನ ಸೊಸಿನ ಕೆಡಿಸಿದ್ರು” ಅಂದಳು. ಎದುರಿನ ವಕೀಲರು ಪೆನ್ನು ಎತ್ತಿದರು. ನಾನು ನೀರು ತರಿಸಿದೆ, ಬಾಗಿಲು ಮುಚ್ಚಿಸಲು ಕೋರಿದೆ. ಆಮೇಲೆ ಕೇಳಿದೆ: “ಯಮ್ಮಾ, ಕೆಡಿಸಿದ್ರು ಅಂದ್ರ ಏನ ಮಾಡಿದ್ರು?”

ಬಹಳ ಹೊತ್ತು ಸುಮ್ಮನಿದ್ದಳು. ಫ್ಯಾನಿನ ಕಿರುಗುಡುವಿಕೆ ಬಿಟ್ಟರೆ ಸದ್ದಿಲ್ಲ. ಆಮೇಲೆ ಹೇಳಿದಳು, ಇದ್ದದ್ದು ಇದ್ದ ಹಾಗೆ, ಯಾರ ಮುಖವನ್ನೂ ನೋಡದೆ.

“ಸ್ವಾಮಿ, ಆಕಿ ಅಂದ ಶಬ್ದಾನ ಬರಬೇಕು” ಅಂದೆ. ನ್ಯಾಯಾಧೀಶರು ತಲೆಯಾಡಿಸಿದರು. ಟೈಪ್ ಮಾಡುತ್ತಿದ್ದ ಹುಡುಗ ಕೀಲಿಗಳ ಮೇಲೆ ಬೆರಳಿಟ್ಟು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದ.

“ಹಾಂಗ ಹೊಡೀಲೇನ್ರಿ?”

“ಹಾಂಗ ಹೊಡಿ” ಅಂದರು ನ್ಯಾಯಾಧೀಶರು.