36 ಹೊಲಿಗೆಯ ಸರು ಮರ: ಪ್ಯಾಲೆಸ್ಟೀನಿನ ಮಕ್ಕಳಿಗೆ ತತ್ರೀಜ್ ಕಲಿಸುವ ಬಗೆ

ತತ್ರೀಜ್ ಪ್ಯಾಲೆಸ್ಟೀನಿನ ಕಸೂತಿ. ಎಳೆ ಎಣಿಸಿ ಹಾಕುವ ಅಡ್ಡ ಹೊಲಿಗೆಯೇ, ಅಂದರೆ ಎರಡು ಓರೆ ಗೀಟು ಒಂದನ್ನೊಂದು ದಾಟುವ ಗುಣಾಕಾರದ ಗುರುತಿನಂಥ ಹೊಲಿಗೆಯೇ, ಅದರ ಜೀವಾಳ. ಧಾರವಾಡ ಕಸೂತಿಯ ಮೆಂತೆ ಹೊಲಿಗೆ ಬಲ್ಲವರಿಗೆ ಇದು ಬೇಗ ಕೈಗೆ ಒಗ್ಗುತ್ತದೆ. ತಾಯಿ, ಅಜ್ಜಿಯರಿಂದ ಹೆಣ್ಣುಮಕ್ಕಳಿಗೆ ಬರುತ್ತಿದ್ದ ಈ ವಿದ್ಯೆಯನ್ನು ಯುನೆಸ್ಕೊ 2021ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಕುಟುಂಬಗಳೇ ಚದುರಿಹೋಗಿವೆ. ಗಾಜಾದಲ್ಲಿ 2023ರ ಅಕ್ಟೋಬರ್ ನಂತರ ಆರು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಮಾಮೂಲಿ ಶಾಲೆ ತಪ್ಪಿತು. ಕಸೂತಿಯ ಒಂದು ಗಂಟೆ ಶಾಲೆಯ ಜಾಗ ತುಂಬುತ್ತದೆ ಎಂದು ಯಾರೂ ಹೇಳಬಾರದು. ಆದರೆ ಎಣಿಕೆ, ಸಮಮಿತಿ, ಊರಿನ ಚರಿತ್ರೆ ಮೂರನ್ನೂ ಅಂಗೈಯಗಲದ ಬಟ್ಟೆಯ ಮೇಲೆ ಕಲಿಸಬಹುದು. ಹೊತ್ತು ಕಳೆಯುವ ಕೈಕೆಲಸ ಎಂದುಕೊಳ್ಳದೆ, ಒಂದು ಪಾಠ ಎಂದೇ ತಯಾರಿ ಮಾಡಿಕೊಂಡರೆ ಮಾತ್ರ ಇದು ಸಾಧ್ಯ.

ಸಾಮಾನು ಹೆಚ್ಚೇನೂ ಬೇಡ. ಅಂಗುಲಕ್ಕೆ 14 ಮನೆ, ಅಂದರೆ ನೇಯ್ಗೆಯ ಪುಟ್ಟ ಚೌಕ, ಇರುವ ಐಡಾ ಬಟ್ಟೆ (ನಮ್ಮಲ್ಲಿ ಮ್ಯಾಟಿ ಎಂದು ಕೇಳುವ ಜಾತಿಯದೇ), ಮಗುವಿಗೊಂದರಂತೆ 4 ಅಂಗುಲದ ಚೌಕ. ಆರೇಳು ವರ್ಷದವರಿಗೆ ಅಂಗುಲಕ್ಕೆ 11 ಮನೆಯದು ಒಳ್ಳೆಯದು, ಕಣ್ಣಿಗೆ ಶ್ರಮವಿಲ್ಲ. ತುದಿ ಮೊಂಡಾದ 24ನೇ ನಂಬರಿನ ಸೂಜಿ ಸಾಕು. ದಾರ ಆರೆಳೆಯ ಹತ್ತಿಯದು. ಡಿಎಂಸಿ ಎಂಬ ದಾರದ ಕಂಪನಿಯ 321 ಕೆಂಪು ಅಥವಾ 815 ಕಡುಗೆಂಪು ಚೆನ್ನಾಗಿ ಹೊಂದುತ್ತದೆ. ಆರೆಳೆಯಲ್ಲಿ ಎರಡನ್ನು ಮಾತ್ರ ಬಿಡಿಸಿ ಪೋಣಿಸಬೇಕು. 11 ಮನೆಯ ಬಟ್ಟೆಗೆ ಮೂರೆಳೆ. ಒಂದು ಲಡಿ 8 ಮೀಟರ್, ಎರಡೆಳೆಯ ಲೆಕ್ಕದಲ್ಲಿ 24 ಮೀಟರ್ ಆಗುತ್ತದೆ. ಒಂದು ಅಡ್ಡ ಹೊಲಿಗೆಗೆ ಹೆಚ್ಚೂಕಡಿಮೆ ಒಂದು ಸೆಂಟಿಮೀಟರ್ ದಾರ ಬೇಕು. ಮೊದಮೊದಲು ಪೋಲಾಗುವುದು ಜಾಸ್ತಿ, ಆದರೂ ಒಂದೇ ಲಡಿಯಲ್ಲಿ ಇಡೀ ತರಗತಿಯ ಮೊದಲ ಪಾಠ ಮುಗಿಯುತ್ತದೆ.

ಮೊದಲ ವಿನ್ಯಾಸ ಸರು ಮರ, ಅಂದರೆ ಸೈಪ್ರೆಸ್. ಹಳೆಯ ಥೋಬ್‌ಗಳಲ್ಲಿ, ಅಂದರೆ ಹೆಂಗಸರ ಉದ್ದ ನಿಲುವಂಗಿಗಳಲ್ಲಿ, ಮತ್ತೆಮತ್ತೆ ಕಾಣುವ ಮರ ಅದು. ಮಕ್ಕಳಿಗೆ ಅದನ್ನು ಸರಳ ತ್ರಿಕೋನ ಮಾಡಿ ಕೊಡಿ: ಬುಡದ ಸಾಲಿನಲ್ಲಿ 11 ಹೊಲಿಗೆ, ಮೇಲೆ 9, 7, 5, 3, ತುದಿಯಲ್ಲಿ 1. ಬುಡದಿಂದಲೇ ಶುರುಮಾಡಿಸಬೇಕು. ಪ್ರತಿ ಸಾಲಿನಲ್ಲೂ ಆಚೀಚೆ ಒಂದೊಂದು ಮನೆ ಬಿಡುವುದಷ್ಟೇ ನಿಯಮವಾದ್ದರಿಂದ, ಎಣಿಕೆ ತಪ್ಪಿದರೆ ಅಂಚು ಸೊಟ್ಟಗಾಗಿ ಮಗುವಿಗೇ ತಿಳಿಯುತ್ತದೆ. ಮರ ಮುಗಿದ ಮೇಲೆ ಎಲ್ಲ ಕೂಡಿಸಿ ಎನ್ನಿ: 36. ಆರು ಸಾಲು, ಆರಾರಲಿ ಮೂವತ್ತಾರು. ಐದೇ ಸಾಲಿನ ಮರವಾದರೆ 25, ನಾಲ್ಕಕ್ಕೆ 16. ಬೆಸಸಂಖ್ಯೆಗಳನ್ನು ಕ್ರಮವಾಗಿ ಕೂಡಿದರೆ ವರ್ಗಸಂಖ್ಯೆ ಬರುತ್ತದೆ ಎಂಬುದನ್ನು ಹೇಳಿಕೊಡಬೇಡಿ. ಮೂರು ಬೇರೆಬೇರೆ ಮರಗಳ ಮೊತ್ತ ಹಲಗೆಯ ಮೇಲೆ ಬರೆದು ಸುಮ್ಮನಿದ್ದರೆ ಯಾರಾದರೊಬ್ಬರು ಹಿಡಿದೇ ಹಿಡಿಯುತ್ತಾರೆ. ಇಂಥ ಎರಡು ಮೂರು ತ್ರಿಕೋನ ಒಂದರ ಮೇಲೊಂದು ಪೇರಿಸಿದರೆ ಸರು ಮರದ ನೀಳ ಆಕಾರ ಬರುತ್ತದೆ.

ಎಡವಟ್ಟಾಗುವುದು ಹೆಚ್ಚಾಗಿ ದಾರದ ಉದ್ದದಲ್ಲಿ. ಪದೇಪದೇ ಪೋಣಿಸುವ ಬೇಸರಕ್ಕೆ ಮಕ್ಕಳು ಒಂದು ಮೀಟರ್ ಎಳೆದುಬಿಡುತ್ತಾರೆ. ಅದು ಹುರಿಗೊಂಡು ಗಂಟಾಗುತ್ತದೆ, ಬಟ್ಟೆಯ ತೂತಿನಲ್ಲಿ ಉಜ್ಜಿ ಎಳೆ ಎದ್ದು ಹೊಳಪೂ ಹೋಗುತ್ತದೆ. 45 ಸೆಂಟಿಮೀಟರ್ ಮೀರದಿರಲಿ. ಶುರುವಿಗೂ ಕೊನೆಗೂ ಸೇರಿ 10 ಸೆಂಟಿಮೀಟರ್ ಹೋದರೂ ಮೂವತ್ತೈದರಷ್ಟು ಹೊಲಿಗೆ ಬರುತ್ತದೆ, ಒಂದು ಮರಕ್ಕೆ ಹೆಚ್ಚೂಕಡಿಮೆ ಅಷ್ಟೇ ಬೇಕು. ಹುರಿಗೊಂಡಾಗ ಸೂಜಿಯನ್ನು ಕೆಳಗೆ ಜೋತುಬಿಟ್ಟರೆ ತಾನೇ ಬಿಚ್ಚಿಕೊಳ್ಳುತ್ತದೆ.

ಎರಡನೆಯ ಎಡವಟ್ಟು ಮೇಲಿನ ಕಾಲಿನ, ಅಂದರೆ ಅಡ್ಡ ಹೊಲಿಗೆಯಲ್ಲಿ ಮೇಲೆ ಬರುವ ಓರೆ ಗೀಟಿನ, ದಿಕ್ಕು. ಒಂದು ಹೊಲಿಗೆಯಲ್ಲಿ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ ವಾಲಿದರೆ ಬೆಳಕು ಒಂದೇ ಸಮ ಬೀಳದೆ ಬಣ್ಣವೇ ಮಾಸಿದ ಹಾಗೆ ಕಾಣುತ್ತದೆ. ಅದಕ್ಕೇ ಹೋಗುವಾಗ ಸಾಲಿನ ಅರ್ಧ ಹೊಲಿಗೆ ಪೂರ್ತಿ, ಬರುವಾಗ ಉಳಿದರ್ಧ. ಹೀಗೆ ಮಾಡಿದರೆ ಹಿಂಬದಿಯಲ್ಲಿ ನೇರ ಗೀಟುಗಳು ಮಾತ್ರ ಕಾಣಬೇಕು. ಹಿಂಬದಿ ನೋಡಿಯೇ ಕೆಲಸ ಅಳೆಯುವ ಅಜ್ಜಿಯರು ಸರಿಯಾಗಿಯೇ ಅಳೆಯುತ್ತಾರೆ. ಗಂಟು ಹಾಕಬಾರದು. ದಾರದ ಬಾಲವನ್ನು ನಾಲ್ಕೈದು ಹೊಲಿಗೆಯ ಅಡಿ ನುಗ್ಗಿಸಿದರೆ ಸಾಕು. ಎಡಗೈ ಮಕ್ಕಳು ಬಲಗಡೆಯಿಂದ ಆರಂಭಿಸಲಿ, ಕೈ ಬದಲಿಸಲು ಒತ್ತಾಯಿಸಬೇಡಿ. ಅಂಚುಪಟ್ಟಿಯಂಥ ದೊಡ್ಡ ಕೆಲಸಕ್ಕೆ ಹತ್ತು ಮನೆಗೊಂದು ತಿಳಿಬಣ್ಣದ ಕಚ್ಚಾ ಹೊಲಿಗೆ ಓಡಿಸಿಕೊಳ್ಳಿ. ಇಲ್ಲವಾದರೆ ಒಂದೇ ಮನೆ ತಪ್ಪಿದ್ದು ನಾಲ್ಕನೇ ಮೂಲೆಯಲ್ಲಿ ಬಯಲಾಗಿ ಇಡೀ ಪಟ್ಟಿ ಬಿಚ್ಚಬೇಕಾಗುತ್ತದೆ. ಅಗ್ಗದ ಕೆಂಪು ದಾರವಾದರೆ ಮೊದಲೇ ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ, ಬಣ್ಣ ಬಿಟ್ಟರೆ ಅದನ್ನು ಕೈಬಿಡಿ.

ಊರಿನ ಮಾತು ಹೊಲಿಗೆಯ ಜೊತೆಗೇ ಬರಲಿ. ರಾಮಲ್ಲಾದ ಹಳೆಯ ಉಡುಪಿನಲ್ಲಿ ಬಿಳಿ ನಾರುಬಟ್ಟೆಯ ಮೇಲೆ ಕೆಂಪು ರೇಷ್ಮೆ. ಬೆತ್ಲೆಹೇಮಿನಲ್ಲಿ ಎಣಿಕೆಯ ಬದಲು ಹುರಿಯನ್ನು ಬಟ್ಟೆಯ ಮೇಲೆ ಸುರುಳಿ ಸುರುಳಿಯಾಗಿ ಕೂರಿಸಿ ಹೊಲಿಯುತ್ತಿದ್ದರು. ಮಜ್ದಲ್ ಊರಿನ ಮಗ್ಗದ ಬಟ್ಟೆ ಹೆಸರುವಾಸಿ. 1948ರ ಯುದ್ಧದ ನಂತರ ಅಲ್ಲಿಯ ನೇಕಾರರು ನಿರಾಶ್ರಿತರಾಗಿ ಗಾಜಾ ಸೇರಿ ಮಗ್ಗ ಹೂಡಿದರು. ನಿರಾಶ್ರಿತರ ಶಿಬಿರಗಳಲ್ಲಿ ಬೇರೆಬೇರೆ ಊರಿನ ಹೆಂಗಸರು ಅಕ್ಕಪಕ್ಕ ಬಾಳಿದಾಗ ವಿನ್ಯಾಸಗಳು ಬೆರೆತವು. 1987ರ ಕೊನೆಯಲ್ಲಿ ಮೊದಲ ಇಂತಿಫಾದಾ, ಅಂದರೆ ಇಸ್ರೇಲಿ ಆಳ್ವಿಕೆಯ ವಿರುದ್ಧದ ದಂಗೆ, ಎದ್ದಾಗ ಪ್ಯಾಲೆಸ್ಟೀನಿನ ಧ್ವಜ ಹಾರಿಸುವಂತಿರಲಿಲ್ಲ, ಹೆಂಗಸರು ಅದರ ನಾಲ್ಕು ಬಣ್ಣಗಳನ್ನೂ ನಕ್ಷೆಯನ್ನೂ ಉಡುಪಿನ ಮೇಲೆಯೇ ಕಸೂತಿ ಹಾಕಿದರು. ಅದೇ ಹೊತ್ತಿಗೆ ಪಶ್ಚಿಮ ದಂಡೆಯ ಶಾಲೆಗಳನ್ನು ಇಸ್ರೇಲಿ ಸೇನೆ ಮುಚ್ಚಿಸಿದ್ದರಿಂದ ಮನೆಮನೆಗಳಲ್ಲಿ ಪಾಠ ನಡೆಯಿತು. ಅಲ್-ಬಿರೆಯಲ್ಲಿ 1965ರಲ್ಲಿ ಸಮೀಹಾ ಖಲೀಲ್ ಕಟ್ಟಿದ ಇನಾಶ್ ಅಲ್-ಉಸ್ರಾ ಸಂಸ್ಥೆ ಹೆಂಗಸರಿಗೆ ಕಸೂತಿಯಿಂದ ದುಡಿಮೆ ಕೊಟ್ಟು ಜಾನಪದವನ್ನೂ ಕೂಡಿಟ್ಟಿತು. ಈ ಕೆಲಸ ಮುಂದುವರಿಸುವವರು ಮಕ್ಕಳಿಂದಲೇ ದಾಖಲೆ ಬರೆಸಲಿ: ಹೊಲಿಗೆ ಮುಗಿದ ತುಂಡಿನ ಹಿಂದೆ ಒಂದು ಚೀಟಿ, ಅದರಲ್ಲಿ ವಿನ್ಯಾಸದ ಹೆಸರು, ಹೇಳಿಕೊಟ್ಟ ಹಿರಿಯರು, ಅವರ ಊರು, ಇಸವಿ. ಒಂದೇ ವಿನ್ಯಾಸಕ್ಕೆ ಎರಡು ಮನೆಯಲ್ಲಿ ಎರಡು ಹೆಸರಿದ್ದರೆ ಎರಡನ್ನೂ ಬರೆಸಿ, ಯಾವುದನ್ನೂ ತಿದ್ದಬೇಡಿ.

ಗಂಡುಮಕ್ಕಳನ್ನು ಹೊರಗಿಡಬಾರದು. ಚೌಕದ ಹಾಳೆಯ ಮೇಲೆ ವಿನ್ಯಾಸ ಬರೆಯುವುದರಿಂದ ಶುರುಮಾಡಿದರೆ ಅವರ ಸಂಕೋಚ ಕಳೆಯುತ್ತದೆ. ಮಕ್ಕಳ ಕೆಲಸವನ್ನು ಮಾರಲೂಬಾರದು. ಮಾರಾಟ ಬಂದೊಡನೆ ಬೇಗ ಮುಗಿಸುವ ಒತ್ತಡ ಬಂದು, ತಪ್ಪಿದ್ದನ್ನು ಬಿಚ್ಚಿ ಮತ್ತೆ ಹಾಕುವ ಅಭ್ಯಾಸವೇ ತಪ್ಪುತ್ತದೆ. ಬಟ್ಟೆ, ದಾರ ಸಿಗದ ಡೇರೆಗಳಲ್ಲಿ ಗಣಿತದ ಚೌಕದ ಪುಸ್ತಕವೇ ಬಟ್ಟೆ, ಒಂದು ಕೆಂಪು ಪೆನ್ಸಿಲ್ಲೇ ದಾರ. ರಟ್ಟಿನ ಮೇಲೆ ಆ ಹಾಳೆ ಅಂಟಿಸಿ, ಚೌಕದ ಮೂಲೆಗಳಲ್ಲಿ ದಬ್ಬಳದಿಂದ ತೂತು ಮಾಡಿದರೆ ಯಾವ ನೂಲಿನಿಂದಲೂ ಹೊಲಿಯಬಹುದು. ತೂತುಗಳ ನಡುವೆ ಕನಿಷ್ಠ 5 ಮಿಲಿಮೀಟರ್ ಅಂತರವಿರಲಿ, ಹತ್ತಿರವಾದರೆ ರಟ್ಟು ಹರಿಯುತ್ತದೆ.